ಸೋಮಾರಿಯ ಪರಾಗ

ಎಣಿಕೆಯಕ್ಕನನ್ನು ಯಾರಾದರೂ ‘ಮೇಡಂ’ ಎಂದು ಕರೆದರೆ ಆಕೆ ಹಿಂತಿರುಗಿ ನೋಡುತ್ತಾಳೆ, ಬೆನ್ನ ಹಿಂದೆ ಯಾರು ಬಂದು ನಿಂತರಪ್ಪಾ ಎಂದು. ಇಪ್ಪತ್ತೆರಡು ವರ್ಷದಿಂದ ಒಂದೇ ಕಿಟಕಿಯ ಪಕ್ಕ, ಒಂದೇ ಸೂಕ್ಷ್ಮದರ್ಶಕದ ಮುಂದೆ ಕೂತು ಹೂವಿನ ಪರಾಗ ಎಣಿಸುವವಳಿಗೆ ಇನ್ನೊಂದು ಹೆಸರು ಏಕೆ ಬೇಕು, ನೀವೇ ಹೇಳಿ. ಎಡಗೈಯಲ್ಲಿ ಟಿಕ್ ಟಿಕ್ ಎನ್ನುವ ಎಣಿಕೆ ಯಂತ್ರ, ಬಲಗೈಯಲ್ಲಿ ಸೂಕ್ಷ್ಮದರ್ಶಕದ ತಿರುಪು. ಬಸ್ಸಿಗೆ ಕಾಯುವಾಗಲೂ ಎಡಗೈಯ ಹೆಬ್ಬೆರಳು ತಾನೇ ತಾನಾಗಿ ಆಡುತ್ತಿರುತ್ತದೆ, ಎದುರಿನ ಕಟ್ಟಡದ ಕಿಟಕಿಗಳನ್ನೋ ರಸ್ತೆಯಲ್ಲಿ ಹೋಗುವ ಸೈಕಲ್ಲುಗಳನ್ನೋ ಎಣಿಸುತ್ತ.

ಆಕೆ ಕೆಲಸ ಮಾಡುವುದು ಊರಾಚೆಯ ಸಿಹಿಎಲೆ ತೋಟದಲ್ಲಿ. ಪುಸ್ತಕದಲ್ಲಿ ಅದನ್ನು ಸ್ಟೀವಿಯಾ ಎಂದು ಬರೆಯುತ್ತಾರೆ, ಬೇಲಿಯೊಳಗಿನವರೆಲ್ಲ ಸಿಹಿಎಲೆ ಎನ್ನುತ್ತಾರೆ. ಮೊಣಕಾಲೆತ್ತರದ ಗಿಡ, ನೋಡಲು ಏನೇನೂ ಚೆಂದವಿಲ್ಲ. ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡರೆ ಮಾತ್ರ ಸಕ್ಕರೆ ನಾಚಿ ಮೂಲೆ ಸೇರಬೇಕು, ಅಷ್ಟು ಸಿಹಿ. ಮತ್ತೆ ಆ ಸಿಹಿ ನಾಲಿಗೆಗಷ್ಟೇ. ರಕ್ತಕ್ಕೆ ಸಕ್ಕರೆ ಏರಿಸುವುದಿಲ್ಲ. ಎಣಿಕೆಯಕ್ಕ ಇಲ್ಲಿಗೆ ಬಂದದ್ದು ಕಳೆ ಕೀಳುವ ಕೂಲಿಯವಳಾಗಿ, ಏಳನೇ ಕ್ಲಾಸಿನ ಓದಿನೊಂದಿಗೆ. ಮೊದಲ ದಿನವೇ ಕಳೆ ಎಂದುಕೊಂಡು ಅರ್ಧ ಸಾಲು ಬೆಳೆಯನ್ನೇ ಕಿತ್ತು ಗುಡ್ಡೆ ಹಾಕಿದಳು. ಆಗ ತೋಟದ ಮೇಲಧಿಕಾರಿಯಾಗಿದ್ದ ದೊಡ್ಡ ಮೇಡಂ ಬಂದು ನೋಡಿ, ಬೈಯುವುದು ಬಿಟ್ಟು, ‘ಸರಿ, ಈಗ ನೀನೇ ಇದನ್ನೆಲ್ಲ ತಿರುಗಿ ನೆಡು’ ಎಂದರು. ನೆಟ್ಟಳು. ಒಂದೂ ಬಾಡಲಿಲ್ಲ. ಆಮೇಲೆ ಬೀಜ ಆರಿಸಲು ಕೂರಿಸಿದರು. ಸಿಹಿಎಲೆಯ ಬೀಜ ಎಂದರೆ ಪೆನ್ನಿನಲ್ಲಿಟ್ಟ ಚುಕ್ಕೆಯಷ್ಟು. ಕಪ್ಪಗಿರುವುದು ಗಟ್ಟಿ, ಬಿಳಿಚಿಕೊಂಡಿರುವುದು ಜೊಳ್ಳು. ಭೂತಗನ್ನಡಿ ಇಲ್ಲದೆ ಬರಿಗಣ್ಣಿನಲ್ಲೇ ಆಕೆ ಸರಸರ ಆರಿಸಿ ಎರಡು ಬಟ್ಟಲು ಮಾಡಿದ್ದನ್ನು ನೋಡಿ ದೊಡ್ಡ ಮೇಡಂ ಮೂರನೇ ತಿಂಗಳಿಗೇ ಸೂಕ್ಷ್ಮದರ್ಶಕದ ಮುಂದೆ ಕುರ್ಚಿ ಹಾಕಿಕೊಟ್ಟರು. ಆ ಕುರ್ಚಿಯ ಕಾಲು ಎರಡು ಸಲ ಮುರಿದಿದೆ, ಕೂರುವವಳು ಬದಲಾಗಿಲ್ಲ.

ಎಂಟು ವರ್ಷದ ಹಿಂದೆ ಆಕೆಯ ಬೀಜದ ತಟ್ಟೆಯಲ್ಲಿ ಒಂದು ವಿಚಿತ್ರ ಸಸಿ ಹುಟ್ಟಿತು. ಹಗಲು ಚಿಕ್ಕದಾಗುತ್ತಿದ್ದಂತೆ ಉಳಿದ ಗಿಡಗಳೆಲ್ಲ ಹೂವಿಗೆ ನಿಂತವು, ಇದು ಮಾತ್ರ ಏನೂ ಕೇಳಿಸದವರ ಹಾಗೆ ಎಲೆ ಬಿಡುತ್ತ ಕೂತಿತು. ಐದು ವಾರ ಕಳೆದ ಮೇಲೆ, ಆಯಿತಪ್ಪಾ ಎನ್ನುವಂತೆ ಮೊಗ್ಗು ಬಿಟ್ಟಿತು. ಎಣಿಕೆಯಕ್ಕ ಅದಕ್ಕೆ ‘ಸೋಮಾರಿ’ ಎಂದು ಹೆಸರಿಟ್ಟಳು. ಆದರೆ ಸಿಹಿಎಲೆ ಹೂ ಬಿಟ್ಟಿತೆಂದರೆ ಎಲೆಯ ಸಿಹಿ ಇಳಿಯತೊಡಗುತ್ತದೆ. ತಡವಾಗಿ ಹೂ ಬಿಡುವ ಗಿಡ ಅಷ್ಟು ಹೆಚ್ಚು ದಿನ ಸಿಹಿ ಕೂಡಿಸಿಕೊಳ್ಳುತ್ತದೆ. ನಿಧಾನವೇ ಪ್ರಧಾನ ಎಂದು ಸುಮ್ಮನೆ ಹೇಳಿದರೇ? ದೊಡ್ಡ ಮೇಡಂ ನಿವೃತ್ತರಾಗಿ ಹೋಗುವ ದಿನ ಎಣಿಕೆಯಕ್ಕನ ಕೈ ಹಿಡಿದು, ‘ಸೋಮಾರೀನ ಕೈಬಿಡಬೇಡ ಕಣಮ್ಮ’ ಎಂದಿದ್ದರು. ಆಕೆ ಒಂದೇ ಗಿಡದ ಕಡ್ಡಿಗಳನ್ನು ನೆಟ್ಟು ನಲವತ್ತು ಮಾಡಿ, ಗಾಜಿನ ಮನೆಯ ತುಂಬ ಬೆಳೆಸಿದ್ದಳು.

ಹೊಸದಾಗಿ ಬಂದ ಸಾಹೇಬರು ಕೆಟ್ಟವರಲ್ಲ. ಹಾಗೆಂದರೆ ಪಾಪ ಬರುತ್ತದೆ. ಎಲ್ಲಕ್ಕೂ ತಾರೀಖು ಬೇಕು ಎನ್ನುವ ಮನುಷ್ಯ, ಅಷ್ಟೇ. ಬೆಳೆಗಾರರು ಕೇಳುವುದು ಬೀಜ. ಕಡ್ಡಿ ನೆಟ್ಟು ಹೊಲ ತುಂಬಿಸುವಷ್ಟು ಆಳು ಯಾರ ಹತ್ತಿರವೂ ಇಲ್ಲ. ಸಿಹಿಎಲೆಯ ಸ್ವಭಾವವೋ, ತನ್ನ ಪರಾಗ ತನಗೇ ಒಗ್ಗುವುದಿಲ್ಲ. ಬೀಜ ಕಟ್ಟಬೇಕಾದರೆ ಬೇರೆ ಗಿಡದೊಂದಿಗೆ ಸಂಬಂಧ ಬೆಳೆಸಲೇಬೇಕು. ನಲವತ್ತು ಸೋಮಾರಿಗಳೂ ಒಂದೇ ಗಿಡದ ತುಂಡುಗಳಾದ್ದರಿಂದ ಅವು ತಮ್ಮತಮ್ಮೊಳಗೆ ಬೆರೆತು ಏನೂ ಪ್ರಯೋಜನವಿಲ್ಲ. ಅದಕ್ಕೇ ಪಕ್ಕದ ಕೋಣೆಯಲ್ಲಿ ಆರು ತಾಯಿಗಿಡಗಳನ್ನು ದೀಪದ ಬೆಳಕಿನಲ್ಲಿ ಮೋಸ ಮಾಡಿ, ಇನ್ನೂ ಹಗಲು ಉದ್ದವಿದೆ ಎಂದು ನಂಬಿಸಿ, ಹೂವರಳದಂತೆ ತಡೆದಿಟ್ಟಿದ್ದರು. ಮುಂಗೋಪದ ಮಾಲಿ ದಿನಾ ಅಲ್ಲಿಗೆ ನೀರು ಹಾಕಲು ಹೋಗಿ, ‘ಹೆಣ್ಣಿನ ಕಡೆಯವರು ರೆಡಿ. ಗಂಡಿನ ಕಡೆಯವರದ್ದೇ ಸುದ್ದಿ ಇಲ್ಲ’ ಎಂದು ಗೊಣಗುತ್ತಿದ್ದ.

ಗಂಡಿನ ಕಡೆಯವರದ್ದು ನಿಜವಾಗಿಯೂ ದೊಡ್ಡ ಸಮಸ್ಯೆಯಾಗಿತ್ತು. ಇಷ್ಟು ವರ್ಷ ಕಡ್ಡಿಯಿಂದಲೇ ಬೆಳೆಸಿದ್ದರಿಂದ ಸೋಮಾರಿಯ ಪರಾಗವನ್ನು ಯಾರೂ ಪರೀಕ್ಷಿಸಿರಲಿಲ್ಲ. ಈ ಸಲ ಅದರ ಹೂವರಳಿ ಹತ್ತು ದಿನವಾಗಿತ್ತು. ಪರಾಗಕ್ಕೆ ಜೀವ ಇದೆಯೇ ಇಲ್ಲವೇ ಎಂದು ನೋಡುವ ಕ್ರಮ ಹೀಗೆ: ಸಕ್ಕರೆ ನೀರಿಗೆ ಒಂದಿಷ್ಟು ಬೋರಿಕ್ ಆಮ್ಲ ಸೇರಿಸಿ, ಗಾಜಿನ ತುಂಡಿನ ಮೇಲೆ ಒಂದು ಹನಿ ಇಟ್ಟು, ಅದರ ಮೇಲೆ ಹೂವನ್ನು ತಟ್ಟಬೇಕು. ಜೀವವಿರುವ ಪರಾಗದ ಕಣ ಎರಡು ಗಂಟೆಯೊಳಗೆ ಆ ಸಕ್ಕರೆ ಉಂಡು, ನೂಲಿನಂಥ ನಳಿಕೆ ಚಾಚುತ್ತದೆ. ಹೂವಿನೊಳಗೆ ಬಿದ್ದಿದ್ದರೆ ಅದೇ ನಳಿಕೆ ಒಳಗಿಳಿದು ಬೀಜ ಕಟ್ಟಿಸುತ್ತಿತ್ತು. ಹತ್ತು ದಿನವೂ ಎಣಿಕೆಯಕ್ಕ ದಿನಕ್ಕೆ ಮುನ್ನೂರು ಕಣ ಎಣಿಸಿದಳು. ಮುಳ್ಳುಮುಳ್ಳಾದ ಪುಟ್ಟ ಉಂಡೆಗಳು, ಸ್ವಲ್ಪ ಮುದುಡಿಕೊಂಡು, ಹನಿಯೊಳಗೆ ಸುಮ್ಮನೆ ಬಿದ್ದಿದ್ದವು. ಒಂದೇ ಒಂದು ಕಣವೂ ನಳಿಕೆ ಚಾಚಲಿಲ್ಲ.

ಬುಧವಾರ ಸಾಹೇಬರು ಹಾಳೆಗಳನ್ನು ಮುಂದಿಟ್ಟುಕೊಂಡು ಆಕೆಯನ್ನು ಕರೆಸಿದರು.

‘ಬಣ್ಣ ಹಿಡೀತಿದೆ ಸರ್,’ ಎಂದಳು ಎಣಿಕೆಯಕ್ಕ, ಅವರು ಬಾಯಿ ತೆರೆಯುವ ಮೊದಲೇ. ‘ಕೆಂಪು ಬಣ್ಣ ಹಾಕಿದ್ರೆ ತುಂಬಿಕೊಂಡು ಹಿಡಿಯುತ್ತೆ. ಜೊಳ್ಳು ಪರಾಗ ಹಾಗೆ ಹಿಡಿಯಲ್ಲ.’

‘ಬಣ್ಣ ಹಿಡಿದ ಮಾತ್ರಕ್ಕೆ ಜೀವ ಇದೆ ಅಂತಲ್ಲ, ನಿಮಗೆ ಗೊತ್ತಿಲ್ವಾ? ನಿನ್ನೆ ಸತ್ತಿದ್ದೂ ಬಣ್ಣ ಹಿಡಿಯುತ್ತೆ. ಮೊಳೀಬೇಕು. ಮೊಳೆತಿದೆಯಾ?’

‘ಇಲ್ಲ ಸರ್.’

‘ಒಂದಾದರೂ?’

‘ಒಂದೂ ಇಲ್ಲ.’

ಎಣಿಕೆಯಕ್ಕನಿಗೆ ಸುಳ್ಳು ಹೇಳಲು ಬಾರದು ಎಂದುಕೊಳ್ಳಬೇಡಿ. ಮಗಳಿಗೆ ಹನ್ನೆರಡು ತುಂಬಿ ಎರಡು ವರ್ಷವಾದ ಮೇಲೂ ಬಸ್ಸಿನಲ್ಲಿ ಅರ್ಧ ಟಿಕೆಟ್ಟೇ ತೆಗೆಸಿದವಳು ಆಕೆ. ಪರಾಗದ ವಿಷಯದಲ್ಲಿ ಮಾತ್ರ ಸುಳ್ಳು ಬಾಯಿಗೆ ಬರುವುದಿಲ್ಲ. ಹೋಲಿಸಿ ನೋಡೋಣವೆಂದರೆ ತೋಟದ ಉಳಿದ ಗಿಡಗಳ ಹೂವೆಲ್ಲ ಮುಗಿದು ತಿಂಗಳಾಗಿತ್ತು, ತಾಯಿಗಿಡಗಳು ಇನ್ನೂ ಮೊಗ್ಗಿನಲ್ಲಿದ್ದವು. ಸೋಮಾರಿಯ ಪಾಲಿಗೆ ಸಾಕ್ಷಿ ಹೇಳುವವರೇ ಇರಲಿಲ್ಲ.

‘ಶುಕ್ರವಾರ ಹತ್ತು ಗಂಟೆವರೆಗೆ ನೋಡಿ,’ ಎಂದರು ಸಾಹೇಬರು, ದನಿ ತಗ್ಗಿಸಿ. ‘ಆಮೇಲೆ ನಲವತ್ತನ್ನೂ ಕೀಳಿಸಿಬಿಡ್ತೀನಿ. ಗಾಜಿನ ಮನೆ ಅಣಬೆ ಬೆಳೆಸೋರಿಗೆ ಬಿಟ್ಟುಕೊಡಬೇಕು. ನನಗೂ ಸಂತೋಷ ಇಲ್ಲ.’

ಮಾಲಿಗೆ ಆಗಲೇ ಆಜ್ಞೆ ಹೋಗಿತ್ತು. ಅವನು ಹೊರಗೆ ಮೆಟ್ಟಿಲ ಮೇಲೆ ಕೂತು ಸನಿಕೆಯ ಹಿಡಿಯನ್ನು ಸುಮ್ಮನೆ ಒರೆಸುತ್ತಿದ್ದ. ‘ಅಕ್ಕ, ಎಂಟು ವರ್ಷ ನೀರು ಹಾಕಿದ ಕೈ ಇದು,’ ಎಂದ. ‘ಶುಕ್ರವಾರ ನನಗೆ ಜ್ವರ ಬಂದ್ರೆ ಚೆನ್ನಾಗಿತ್ತು.’

ಅವತ್ತಿನಿಂದ ಆಕೆಗೆ ಅನ್ನ ಸೇರಲಿಲ್ಲ. ಕಣ್ಣು ಮಂಜಾಯಿತೇನೋ ಎಂದು ಕಣ್ಣನ್ನು ಅನುಮಾನಿಸಿದಳು, ಹನಿ ಇಡುವ ಕೈ ನಡುಗುತ್ತಿದೆಯೇನೋ ಎಂದು ಕೈಯನ್ನು ಅನುಮಾನಿಸಿದಳು. ನೀರು ಬದಲಾಯಿಸಿದಳು, ಗಾಜು ಬದಲಾಯಿಸಿದಳು, ಬೋರಿಕ್ ಆಮ್ಲದ ಹೊಸ ಸೀಸೆ ತೆರೆದಳು. ಒಂದನ್ನು ಮಾತ್ರ ಬದಲಾಯಿಸಲಿಲ್ಲ. ಪ್ರಯೋಗಾಲಯದ ಸಕ್ಕರೆ ಮುಗಿದಿತ್ತು. ತರಿಸಿಕೊಡಿ ಎಂದು ಬರೆದ ಚೀಟಿ ಮೇಲೆ ಹೋಗಿ ಎರಡು ತಿಂಗಳಾಗಿತ್ತು, ಸಕ್ಕರೆ ಬಂದಿರಲಿಲ್ಲ. ಸೋಮಾರಿ ಹೂವರಳಿದ ದಿನ, ಅದಕ್ಕೇನಂತೆ ಎಂದು ಆಕೆ ಮನೆಯ ಡಬ್ಬಿಯಿಂದ ಒಂದು ಸೀಸೆ ಸಕ್ಕರೆ ತುಂಬಿಸಿಕೊಂಡು ಬಂದಿದ್ದಳು. ತಪ್ಪೇನಿಲ್ಲ, ದೊಡ್ಡ ಮೇಡಂ ಕಾಲದಲ್ಲೂ ಹೀಗೆ ಮಾಡಿದ್ದುಂಟು. ಅಡುಗೆಮನೆಯ ಸಕ್ಕರೆಯೋ ಪ್ರಯೋಗಾಲಯಕ್ಕೆಂದು ತರಿಸಿದ ಶುದ್ಧ ಸಕ್ಕರೆಯೋ, ಪರಾಗ ಎಂದೂ ಭೇದ ಮಾಡಿದ್ದಿಲ್ಲ.

ಮನೆಯಲ್ಲಿ ಆಗ ಬೇರೊಂದು ರಗಳೆ ನಡೆದಿತ್ತು. ಆಕೆಯ ಗಂಡ ಬೀಗ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ, ಗೋಡೆಯ ತುಂಬ ಕೀಲಿಕೈಗಳು. ನಾಲ್ಕು ವರ್ಷದಿಂದ ಅವನಿಗೆ ಸಕ್ಕರೆ ಕಾಯಿಲೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಪ್ರತಿ ಭಾನುವಾರ ಅಪ್ಪನ ಬೆರಳು ಚುಚ್ಚಿ ರಕ್ತ ನೋಡುತ್ತಾಳೆ. ಕೆಲವು ವಾರಗಳಿಂದ ಅವಳು ಯಂತ್ರವನ್ನು ಮತ್ತೆ ಮತ್ತೆ ಅಲುಗಾಡಿಸಿ ನೋಡಿ, ‘ಇಳೀಬೇಕಿತ್ತಲ್ಲ, ಯಾಕೆ ಇಳೀತಿಲ್ಲ?’ ಎಂದು ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದಳು. ಎಣಿಕೆಯಕ್ಕ ಅದಕ್ಕೆ ಕಿವಿಗೊಡಲಿಲ್ಲ. ಆಕೆಯ ತಲೆಯ ತುಂಬ ಮೊಳೆಯದ ಪರಾಗವೇ ತುಂಬಿತ್ತು.

ಶುಕ್ರವಾರ ಐದೂವರೆಗೆ ಎದ್ದಳು. ಎದ್ದಳು ಎನ್ನುವುದೂ ಸುಳ್ಳು, ನಿದ್ದೆ ಬಂದಿದ್ದರೆ ತಾನೇ ಏಳುವುದು. ಗಂಡನಿಗೆ ಟೀ ಇಡಲು ಅಡುಗೆಮನೆಗೆ ಹೋದಳು. ಹಿಂದಿನ ಸಂಜೆ ಮನಸ್ಸೆಲ್ಲೋ ಇಟ್ಟು ಡಬ್ಬಿ ತೆಗೆಯುವಾಗ ಕಟ್ಟೆಯ ಮೇಲೆ ಅರ್ಧ ಚಮಚ ಸಕ್ಕರೆ ಚೆಲ್ಲಿದ್ದಳು. ಅದು ಚೆಲ್ಲಿದ ಹಾಗೆಯೇ ಬಿದ್ದಿತ್ತು. ಒಂದು ಗೇಣು ಆಚೆಗೆ ಯಾರೋ ಉದುರಿಸಿದ ಬಿಸ್ಕತ್ತಿನ ಪುಡಿ. ಕಿಟಕಿಯಿಂದ ಇಳಿದ ಇರುವೆಗಳ ಸಾಲು ಸಕ್ಕರೆಯ ಪಕ್ಕದಲ್ಲೇ ಹಾದು, ಅದನ್ನು ತಿರುಗಿಯೂ ನೋಡದೆ, ಬಿಸ್ಕತ್ತಿನ ಪುಡಿಗೆ ಮುತ್ತಿಕೊಂಡಿತ್ತು.

ಎಣಿಕೆಯಕ್ಕನ ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತಿತು. ಸಕ್ಕರೆ ಬಿಟ್ಟು ಹೋಗುವ ಇರುವೆಯನ್ನು ಯಾರಾದರೂ ಕಂಡಿದ್ದೀರಾ?

ಬೆರಳಿಗೆ ಅಂಟಿಸಿಕೊಂಡು ನಾಲಿಗೆಗಿಟ್ಟಳು. ಸಿಹಿ. ಸಿಹಿಯೇ. ಆದರೆ ನಾಲಿಗೆ ತಣ್ಣಗಾಯಿತು, ಪುದೀನ ಚಪ್ಪರಿಸಿದ ಹಾಗೆ. ಮತ್ತೆ ಸಿಹಿಯ ಬಾಲಕ್ಕೆ ಒಂದು ಸಣ್ಣ ಕಹಿ. ಆ ಕಹಿ ಆಕೆಗೆ ಇಪ್ಪತ್ತೆರಡು ವರ್ಷದ ಪರಿಚಯ. ದಿನಾ ತೋಟದಲ್ಲಿ ಎಲೆ ಅಗಿದು ರುಚಿ ನೋಡುವ ಬಾಯಿ ಅದು. ಮನೆಗೆ ಬಂದರೆ ಸಿಹಿಯೇ ಬೇಡವೆನಿಸಿ ಆಕೆ ಸಕ್ಕರೆ ಹಾಕದ ಟೀ ಕುಡಿಯುತ್ತಿದ್ದಳು. ಹಾಗಾಗಿ ಈ ಡಬ್ಬಿಯೊಳಗಿನದನ್ನು ಆಕೆ ಎಷ್ಟೋ ಸಲ ಅಳೆದಿದ್ದಳು, ಕರಗಿಸಿದ್ದಳು, ಬಾಯಿಗೆ ಹಾಕಿಕೊಂಡಿರಲೇ ಇಲ್ಲ.

‘ಏಯ್!’ ಎಂದು ಕೂಗಿದ ಕೂಗಿಗೆ ಮಗಳು ಕೂದಲು ಕೆದರಿಕೊಂಡೇ ಓಡಿಬಂದಳು. ‘ಈ ಡಬ್ಬೀಲಿ ಏನು ಹಾಕಿದ್ದೀಯ?’

ಮಗಳು ಡಬ್ಬಿ ನೋಡಿದಳು, ಅಮ್ಮನ ಮುಖ ನೋಡಿದಳು. ‘ಅಪ್ಪನಿಗೆ ಅಂತ... ಆರು ವಾರ ಆಯ್ತಮ್ಮ. ನಮ್ಮ ಅಂಗಡೀಲಿ ಬರುತ್ತೆ, ನೋಡೋಕೆ ಸಕ್ಕರೆ ಥರಾನೇ ಇರುತ್ತೆ. ಸಿಹಿಎಲೆಯದ್ದೇ. ನೀನೇ ಹೇಳ್ತಿದ್ದೆಯಲ್ಲ, ನಮ್ಮ ಎಲೆ ಚಿನ್ನ, ಯಾರಿಗೂ ಅದರ ಬೆಲೆ ಗೊತ್ತಿಲ್ಲ ಅಂತ.’

‘ನನಗೊಂದು ಮಾತು ಹೇಳಬಾರದಿತ್ತಾ?’

‘ನಿನಗೆ ಹೇಳಿದ್ರೆ ಅಪ್ಪನಿಗೆ ಹೇಳಿದ ಹಾಗೇ. ನಿನ್ನ ಮುಖದಲ್ಲಿ ಏನೂ ನಿಲ್ಲಲ್ಲ. ಅಪ್ಪ ಗೊತ್ತಾದ್ರೆ ಕುಡಿಯಲ್ಲ ಅಂತ...’

ಹನ್ನೊಂದು ದಿನ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ನಾಲಿಗೆ ಮೋಸ ಹೋಗಬಹುದು. ಪರಾಗದ ಕಣಕ್ಕೆ ನಾಲಿಗೆ ಎಲ್ಲಿದೆ? ಅದಕ್ಕೆ ಬೇಕಾದದ್ದು ಊಟ. ಈ ಪುಡಿಯಲ್ಲಿ ಸಿಹಿಯಿತ್ತು, ಉಣ್ಣಲು ಏನೂ ಇರಲಿಲ್ಲ. ಬಡಪಾಯಿ ಸೋಮಾರಿ ಹನ್ನೊಂದು ದಿನವೂ ಖಾಲಿ ತಟ್ಟೆಯ ಮುಂದೆ ಕೂತಿತ್ತು, ತಾನು ಅದನ್ನು ಸತ್ತಿದೆ ಎಂದು ಬರೆಯುತ್ತ ಬಂದಿದ್ದಳು. ಸಿಟ್ಟು ನೆತ್ತಿಗೇರಿತು.

‘ನನ್ನ ಗಿಡ ಸಾಯಿಸಿದೆಯಲ್ಲೇ!’ ಎಂದುಬಿಟ್ಟಳು. ‘ಇವತ್ತು ಹತ್ತು ಗಂಟೆಗೆ ನಲವತ್ತನ್ನೂ ಕೀಳ್ತಾರೆ. ನಿನ್ನಿಂದ. ನಿನ್ನ ಈ ಡಬ್ಬಿಯಿಂದ!’

ಮಗಳ ಮುಖ ಬಿಳಿಚಿಕೊಂಡಿತು. ಅದನ್ನು ನೋಡಲು ಎಣಿಕೆಯಕ್ಕನಿಗೆ ಪುರುಸೊತ್ತಿರಲಿಲ್ಲ. ಹೂವು ಅರಳುವುದು ಬೆಳಗ್ಗೆ, ಬಿಸಿಲೇರಿದರೆ ಪರಾಗದ ಕಸುವು ಇಳಿಯುತ್ತದೆ. ಹನಿಯಿಟ್ಟ ಮೇಲೆ ಎರಡು ಗಂಟೆ ಕಾಯಬೇಕು. ಅಂಗಡಿ ತೆರೆಯುವುದು ಎಂಟಕ್ಕೆ. ಒಂದು ಲೋಟ ಎತ್ತಿಕೊಂಡು, ಪಕ್ಕದ ಮನೆಯವರನ್ನು ಎಬ್ಬಿಸಿ ಸಕ್ಕರೆ ಕೇಳೋಣವೆಂದು ಬಾಗಿಲಿನತ್ತ ನಡೆದಳು.

‘ತಾಳು,’ ಎಂದಿತು ಗಂಡನ ದನಿ. ಅವನು ಹಾಸಿಗೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ. ಮುಖ ನೋಡಿದರೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಮುಖ. ‘ಪಕ್ಕದ ಮನೆಗೆಲ್ಲ ಹೋಗೋದು ಬೇಡ.’

ಅಂಗಡಿಯ ಕೋಣೆಗೆ ಹೋದ. ಮೂಲೆಯಲ್ಲಿ ಅವನ ಅರ, ಇಕ್ಕಳಗಳ ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಒಂದಲ್ಲ, ಮೂರು ಬೀಗ. ಒಂದೊಂದಾಗಿ ಮೂರನ್ನೂ ತೆಗೆದ. ಅರಗಳ ಅಡಿಯಿಂದ ಬಿಗಿ ಮುಚ್ಚಳದ ತಗಡಿನ ಡಬ್ಬ ಹೊರಬಂತು. ಅದರಲ್ಲಿ ಅರ್ಧಕ್ಕೂ ಮೇಲೆ ಸಕ್ಕರೆ ಇತ್ತು, ಒಳಗೆ ಒಂದು ಚಮಚವೂ ಇತ್ತು.

‘ಅಪ್ಪಾ!’ ಎಂದಳು ಮಗಳು.

‘ಮೊದಲನೇ ಗುಟುಕಿಗೇ ಗೊತ್ತಾಯ್ತು ಕಣಮ್ಮ,’ ಎಂದ ಅವನು, ನೆಲ ನೋಡುತ್ತ. ‘ಮಗು ಪ್ರೀತಿಯಿಂದ ಮಾಡ್ತಿದೆ, ಯಾಕೆ ನೋಯಿಸೋದು ಅಂತ ಸುಮ್ಮನಿದ್ದೆ. ಲೋಟ ಇಲ್ಲಿಗೆ ತಂದು ಎರಡೇ ಎರಡು ಚಮಚ...’

‘ಅದಕ್ಕೇ ಇಳೀತಿರಲಿಲ್ಲ! ನಾನು ಯಂತ್ರ ಕೆಟ್ಟಿದೆ ಅಂದ್ಕೊಂಡು ಹೊಸದು ತರಿಸಿದ್ದೀನಿ!’

‘ಜಗಳ ಆಮೇಲೆ ಆಡಿ,’ ಎಂದು ಎಣಿಕೆಯಕ್ಕ ಡಬ್ಬವನ್ನು ಕಿತ್ತುಕೊಂಡಳು. ಅಷ್ಟು ಅವಸರದಲ್ಲೂ ಒಂದು ಚಿಟಿಕೆ ತೆಗೆದು ಇರುವೆ ಸಾಲಿನ ಪಕ್ಕ ಹಾಕಿ, ಎರಡು ನಿಮಿಷ ನೋಡಿದಳು. ಬಂದವು. ಒಂದು ಬಂತು, ನಾಲ್ಕು ಬಂದವು, ಸಾಲೇ ತಿರುಗಿತು. ಇದು ಸಕ್ಕರೆಯೇ. ಡಬ್ಬವನ್ನು ಚೀಲಕ್ಕೆ ಹಾಕಿ, ಅಡುಗೆಮನೆಯ ಡಬ್ಬಿಯಿಂದ ಆ ಪುಡಿಯನ್ನೂ ಒಂದಿಷ್ಟು ಪೊಟ್ಟಣ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ ಆರೂ ಕಾಲಿನ ಬಸ್ಸಿಗೆ ಓಡಿದಳು. ಗಂಡನ ಮೇಲೆ ಸಿಟ್ಟು ಬರಬೇಕಾಗಿತ್ತು, ನ್ಯಾಯವಾಗಿ. ಬಸ್ಸಿನಲ್ಲಿ ಕೂತ ಮೇಲೆ ಬಂದದ್ದು ನಗು. ಪಕ್ಕದ ಸೀಟಿನವನು ಸ್ವಲ್ಪ ಸರಿದು ಕೂತ.

ಗಾಜಿನ ಮನೆಯಲ್ಲಿ ಸೋಮಾರಿಯ ಹೂವುಗಳು ಆಗಷ್ಟೇ ಬಾಯಿ ಬಿಟ್ಟಿದ್ದವು. ಅಕ್ಕಿಕಾಳಿಗಿಂತ ಚಿಕ್ಕ ಬಿಳಿ ಹೂವು, ಐದೈದು ಒಟ್ಟಿಗೆ. ಒಂದೇ ಗೊಂಚಲಿನ ಹೂವನ್ನು ಎರಡು ಪಾಲು ಮಾಡಿದಳು. ಒಂದು ಗಾಜಿನ ಮೇಲೆ ಬೀಗದ ಪೆಟ್ಟಿಗೆಯ ಸಕ್ಕರೆಯ ಹನಿ, ಇನ್ನೊಂದರ ಮೇಲೆ ಮಗಳ ಡಬ್ಬಿಯ ಪುಡಿಯ ಹನಿ. ನೀರು ಒಂದೇ, ಬೋರಿಕ್ ಆಮ್ಲ ಒಂದೇ, ಕೈ ಒಂದೇ. ಎರಡನ್ನೂ ಒದ್ದೆ ಕಾಗದದ ಮುಚ್ಚಿದ ತಟ್ಟೆಯೊಳಗಿಟ್ಟಳು. ಗಡಿಯಾರ ಏಳೂ ಇಪ್ಪತ್ತು ತೋರಿಸುತ್ತಿತ್ತು.

ಮಾಲಿಗೆ ಜ್ವರ ಬಂದಿರಲಿಲ್ಲ. ಎಂಟಕ್ಕೆ ಬಂದು ವಿಷಯ ಕೇಳಿ, ‘ಅಂದ್ರೆ, ನಮ್ಮ ಹುಡುಗನಿಗೆ ಹನ್ನೊಂದು ದಿನ ಉಪವಾಸ ಹಾಕಿ, ಆಮೇಲೆ ಕೈಲಾಗದವನು ಅಂತ ಬರೆದ್ರಿ?’ ಎಂದ.

‘ಬಾಯಿ ಮುಚ್ಚು. ಇನ್ನೂ ಏನೂ ಗೊತ್ತಿಲ್ಲ.’

ಗೊತ್ತಿಲ್ಲದಿದ್ದುದು ನಿಜ. ಸಕ್ಕರೆ ತಪ್ಪಾಗಿತ್ತು ಎಂದ ಮಾತ್ರಕ್ಕೆ ಪರಾಗ ಜೀವಂತವಾಗಿದೆ ಎಂದೇನೂ ಅಲ್ಲವಲ್ಲ. ಎರಡೂ ಕೆಟ್ಟಿರಬಹುದು. ಒಂಬತ್ತೂವರೆಗೆ ಆಕೆ ಕುರ್ಚಿ ಎಳೆದುಕೊಂಡು ಕೂತು ಮೊದಲ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮೊದಲು ಮಬ್ಬು. ತಿರುಪು ತಿರುವಿದಳು. ಮುಳ್ಳುಮುಳ್ಳಾದ ಉಂಡೆ ಕಂಡಿತು. ಅದರ ಪಕ್ಕೆಯಿಂದ ಒಂದು ನೂಲು ಹೊರಟಿತ್ತು. ತೆಳ್ಳಗೆ, ಬೆಳ್ಳಗೆ, ಹನಿಯಲ್ಲಿ ಸೊಟ್ಟಗೆ ಹರಿದು, ಪಕ್ಕದ ಉಂಡೆಯ ನೂಲನ್ನು ದಾಟಿ ಹೋಗಿತ್ತು. ಅದರಾಚೆ ಇನ್ನೊಂದು. ಅದರಾಚೆ ಮೂರು. ಹನಿಯ ತುಂಬ ನೂಲೋ ನೂಲು.

‘ಅಯ್ಯೋ ನನ್ನಪ್ಪಾ,’ ಎಂದಳು ಎಣಿಕೆಯಕ್ಕ. ‘ಅಯ್ಯೋ ನನ್ನ ರಾಜ.’

ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರು ತುಂಬಿ ಎಲ್ಲ ಮತ್ತೆ ಮಬ್ಬಾಯಿತು. ನೂರ ನಲವತ್ತರವರೆಗೆ ಎಣಿಸಿ ತಪ್ಪಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಮೊದಲಿನಿಂದ ಶುರು ಮಾಡಿದಳು. ಮುನ್ನೂರಕ್ಕೆ ಇನ್ನೂರ ಹದಿನೇಳು. ಇನ್ನೊಂದು ಗಾಜನ್ನೂ ಎಣಿಸಿದಳು: ಮುನ್ನೂರಕ್ಕೆ ಸೊನ್ನೆ.

ಹತ್ತಕ್ಕೆ ಸರಿಯಾಗಿ ಸಾಹೇಬರ ಬೂಟಿನ ಸದ್ದು ಕೇಳಿಸಿತು. ಮಾಲಿ ಬಗ್ಗಿ ಆಕೆಯ ಕಿವಿಯಲ್ಲಿ, ‘ಅಕ್ಕ, ಇವತ್ತು ಮೊಳೀತು ಅಂತ ಮಾತ್ರ ಹೇಳಿ. ಡಬ್ಬಿ ಪುರಾಣ ಯಾಕೆ? ಹೂವು ಈಗ ಹದಕ್ಕೆ ಬಂತು ಅಂದ್ರೆ ಮುಗೀತು’ ಎಂದ. ಅವನು ಹೇಳಿದ್ದು ಬುದ್ಧಿವಂತಿಕೆಯ ಮಾತೇ. ಸಾಹೇಬರು ನಂಬುತ್ತಿದ್ದರು, ಯಾರಿಗೂ ಏನೂ ನಷ್ಟವಿರಲಿಲ್ಲ. ಎಣಿಕೆಯಕ್ಕನಿಗೂ ಒಂದು ಕ್ಷಣ ಆಸೆಯಾಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಹನ್ನೊಂದು ಹಾಳೆ? ತನ್ನದೇ ಕೈಬರಹದಲ್ಲಿ, ಜೀವ ಇರುವ ಗಿಡವನ್ನು ಜೀವವಿಲ್ಲ ಎಂದು ಬರೆದ ಹಾಳೆಗಳು. ನಾಳೆ ಅವನ್ನು ಓದಿದವರು, ಸೋಮಾರಿಯ ಪರಾಗ ಮೊದಲ ಹನ್ನೊಂದು ದಿನ ಕೆಲಸಕ್ಕೆ ಬಾರದು ಎಂದುಕೊಂಡು ಹೂವನ್ನೇ ಬಿಸಾಡಿದರೆ?

ಸಾಹೇಬರು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ತುಂಬ ಹೊತ್ತು ನೋಡಿದರು. ಒಂದು ಗಾಜು ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲನೆಯದನ್ನು ನೋಡಿದರು. ‘ಏನಿದು?’ ಎಂದರು.

ಎಣಿಕೆಯಕ್ಕ ಎಲ್ಲವನ್ನೂ ಹೇಳಿದಳು. ಡಬ್ಬಿ, ಮಗಳು, ಇರುವೆ, ಕಬ್ಬಿಣದ ಪೆಟ್ಟಿಗೆ, ಮೂರು ಬೀಗ, ಒಂದನ್ನೂ ಬಿಡಲಿಲ್ಲ. ‘ರುಚಿ ನೋಡದೆ ತಂದದ್ದು ನನ್ನ ತಪ್ಪು ಸರ್. ಗಿಡದ್ದು ಏನೂ ತಪ್ಪಿಲ್ಲ.’

ಸಾಹೇಬರ ಮುಖದಲ್ಲಿ ಏನೂ ಕಾಣಲಿಲ್ಲ. ಮೂರು ಬೀಗದ ಮಾತು ಬಂದಾಗ ಮಾತ್ರ ತುಟಿ ಒಂದು ಸಲ ಅದುರಿತು. ಎದ್ದು ತಮ್ಮ ಕೋಣೆಗೆ ಹೋದರು. ಮಾಲಿ ಎಣಿಕೆಯಕ್ಕನನ್ನು, ನೋಡಿದಿರಾ, ಎನ್ನುವಂತೆ ನೋಡಿದ. ಐದು ನಿಮಿಷಕ್ಕೆ ಸಾಹೇಬರು ತಿರುಗಿ ಬಂದರು, ಕೈಯಲ್ಲಿ ಒಂದು ಚೀಟಿ ಹಿಡಿದು. ಸಕ್ಕರೆ ತರಿಸಿಕೊಡಿ ಎಂದು ಆಕೆಯೇ ಎರಡು ತಿಂಗಳ ಹಿಂದೆ ಬರೆದ ಚೀಟಿ.

‘ನನ್ನ ಮೇಜಿನ ಮೇಲೇ ಇತ್ತು,’ ಎಂದರು. ‘ಫೈಲಿನ ಅಡಿಯಲ್ಲಿ. ಸಹಿ ಹಾಕೋದು ಮರೆತಿದ್ದೆ.’ ಮತ್ತೆ, ‘ಆ ಹನ್ನೊಂದು ಹಾಳೆ ಹರಿದುಬಿಡೋಣ’ ಎಂದರು.

‘ಬೇಡ ಸರ್. ಇರಲಿ. ಮೇಲೆ ಬರೀತೀನಿ.’

ಅವರೆದುರಿಗೇ ಕೂತು ಹನ್ನೊಂದು ಹಾಳೆಯ ಮೇಲೂ ಬರೆದಳು: ಸಕ್ಕರೆ ಸಕ್ಕರೆಯಾಗಿರಲಿಲ್ಲ, ಈ ಲೆಕ್ಕ ನಂಬಬೇಡಿ, ಗಿಡಕ್ಕೆ ಜೀವ ಇದೆ. ಪ್ರತಿ ಹಾಳೆಯ ಕೆಳಗೂ ಸಾಹೇಬರು, ಸಕ್ಕರೆ ತರಿಸುವುದು ನನ್ನಿಂದ ತಡವಾಯಿತು ಎಂದು ಬರೆದು ಸಹಿ ಮಾಡಿದರು. ಆಮೇಲೆ ಮಾಲಿಯ ಕಡೆ ತಿರುಗಿ, ‘ನೀನೇನು ನೋಡ್ತಾ ನಿಂತಿದ್ದೀಯ? ತಾಯಿಗಿಡಗಳ ದೀಪ ಆರಿಸು. ಅವೂ ಬೇಗ ಅರಳಲಿ’ ಎಂದು ಗದರಿದರು. ಮಾಲಿ ಸನಿಕೆಯನ್ನು ಅಲ್ಲೇ ಗೋಡೆಗೆ ಒರಗಿಸಿ ಓಡಿದ. ‘ಅಣಬೆಯವರಿಗೆ ನಾನು ಹೇಳ್ಕೋತೀನಿ,’ ಎಂದರು ಸಾಹೇಬರು. ‘ನೀವು ಮನೆಗೆ ಹೋಗಿ ಮಲಗಿ. ನಿಮ್ಮ ಕಣ್ಣು ನೋಡೋಕಾಗ್ತಿಲ್ಲ.’

ಮನೆಗೆ ಬಂದಾಗ ಮಧ್ಯಾಹ್ನ. ಗಂಡ ಬಾಗಿಲಲ್ಲೇ ಕಾಯುತ್ತಿದ್ದ. ಆಕೆಯ ಮುಖ ನೋಡಿಯೇ ಅವನಿಗೆ ಎಲ್ಲ ತಿಳಿಯಿತು. ‘ಅಬ್ಬ,’ ಎಂದು ಕೂತುಬಿಟ್ಟ. ಮತ್ತೆ ಮೆಲ್ಲಗೆ, ‘ನನಗೂ ಒಂದು ಭಾರ ಇಳೀತು ನೋಡು. ಎರಡು ಚಮಚ ಸಕ್ಕರೆಗೆ ದಿನಕ್ಕೆ ನಾಲ್ಕು ಸಲ ಮೂರು ಬೀಗ ತೆಗೆದು ಹಾಕೋದು ಅಂದ್ರೆ ಸುಮ್ನೇನಾ? ಇನ್ಮೇಲೆ ಅವಳು ಏನು ಕೊಡ್ತಾಳೋ ಅದೇ ಕುಡೀತೀನಿ’ ಎಂದ.

‘ಕುಡೀತೀರಿ, ಕುಡೀದೆ ಎಲ್ಲಿಗೆ ಹೋಗ್ತೀರಿ,’ ಎಂದು ಆಕೆ ಅಲ್ಲೇ ಕುರ್ಚಿಯ ಮೇಲೆ ಕಣ್ಣು ಮುಚ್ಚಿದಳು. ಕೀಲಿಕೈ ಅರೆಯುವ ಕಿರ್‌ಕಿರ್ ಸದ್ದಿನ ನಡುವೆಯೂ ಹನ್ನೊಂದು ದಿನದ ನಿದ್ದೆ ಒಟ್ಟಿಗೇ ಬಂತು. ಗಂಡ ಆಮೇಲೆ ಅರ ಕೆಳಗಿಟ್ಟು, ಗಿರಾಕಿಗಳನ್ನೂ ನಾಳೆ ಬನ್ನಿ ಎಂದು ಕೈಸನ್ನೆಯಲ್ಲೇ ಕಳಿಸಿದ.

ಸಂಜೆ ಆರಕ್ಕೆ ಮಗಳು ಬಂದಳು. ದಿನವಿಡೀ ಅಂಗಡಿಯಲ್ಲಿ ಅವಳಿಗೆ ಒಬ್ಬರ ಮಾತೂ ಸರಿಯಾಗಿ ಕೇಳಿಸಿರಲಿಲ್ಲ. ಫೋನ್ ಮಾಡಿ ಕೇಳಲು ಧೈರ್ಯವಾಗಿರಲಿಲ್ಲ. ಕಿತ್ತಾಯಿತು ಎಂದು ಅಮ್ಮ ಹೇಳಿದರೆ ಏನು ಮಾಡುವುದು? ಹೆಗಲ ಚೀಲ ಇಳಿಸದೆ ಅಮ್ಮನ ಕುರ್ಚಿಯ ಮುಂದೆ ಬಂದು ನಿಂತಳು. ಅಪ್ಪ ಬೆರಳು ತುಟಿಯ ಮೇಲಿಟ್ಟು ಸುಮ್ಮನಿರು ಎಂದ, ಅಷ್ಟರಲ್ಲಿ ಎಣಿಕೆಯಕ್ಕ ಕಣ್ಣು ತೆರೆದಿದ್ದಳು.

‘ಅಮ್ಮ,’ ಎಂದಳು ಮಗಳು. ‘ಗಿಡ...’

ಬೆಳಗ್ಗೆ ತಾನು ಆಡಿದ ಮಾತು ಎಣಿಕೆಯಕ್ಕನಿಗೆ ಆಗ ನೆನಪಾಯಿತು. ಹತ್ತು ಗಂಟೆಗೇ ತನ್ನ ಭಾರ ಇಳಿದಿತ್ತು, ಈ ಹುಡುಗಿ ಮಾತ್ರ ಸಂಜೆಯವರೆಗೆ ಅದನ್ನು ಹೊತ್ತುಕೊಂಡು ತಿರುಗಿದ್ದಳು. ಒಂದು ಫೋನು ಮಾಡಬೇಕೆಂದು ತನಗೆ ಹೊಳೆಯಲೇ ಇಲ್ಲವಲ್ಲ! ಮಗಳ ಕೈ ಹಿಡಿದು ಪಕ್ಕಕ್ಕೆಳೆದುಕೊಂಡಳು.

‘ಉಳೀತು ಕಣೇ.’

‘ನಿಜವಾಗ್ಲೂ?’

‘ನಲವತ್ತಕ್ಕೆ ನಲವತ್ತೂ ಉಳೀತು. ನೀನು ಸಾಯಿಸಿರಲಿಲ್ಲ. ಯಾರೂ ಸಾಯಿಸಿರಲಿಲ್ಲ. ನಾನೇ ಬಾಯಿಗೆ ಬಂದದ್ದು ಆಡಿದೆ.’

ಮಗಳು ಚೀಲದ ಸಮೇತ ನೆಲದ ಮೇಲೆ ಕುಸಿದು ಕೂತು, ಅಮ್ಮನ ಮಡಿಲಲ್ಲಿ ಮುಖವಿಟ್ಟು ಜೋರಾಗಿ ಅತ್ತಳು. ಎಣಿಕೆಯಕ್ಕ ಅವಳ ತಲೆ ಸವರುತ್ತ, ಅಳು ಮುಗಿಯುವವರೆಗೂ ‘ಉಳೀತು, ಉಳೀತು’ ಎನ್ನುತ್ತಲೇ ಇದ್ದಳು.